ಮೈನಸ್ 35ರಲ್ಲಿ ಹಳೇ ಟ್ರಕ್

ನನ್ನ ಟ್ರಕ್ಕಿಗೆ ಈಗ ಮೂವತ್ತು ದಾಟಿದೆ. ಆರು ಸಿಲಿಂಡರಿನ ಡೀಸೆಲ್ ಇಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪ್, ಏರ್ ಬ್ರೇಕ್, ಕೈಯಲ್ಲಿ ಹಾಕುವ ಗೇರು. ಕಂಪ್ಯೂಟರ್ ಅನ್ನೋದು ಎಲ್ಲೂ ಇಲ್ಲ. ಬೇಸಿಗೆಯಲ್ಲಿ ಕೀಲಿ ತಿರುಗಿಸುವುದೇ ತಡ, ಹೊತ್ತಿಕೊಳ್ಳುತ್ತದೆ. ಚಳಿಗಾಲದಲ್ಲೂ ಅದೇ ಗಾಡಿ, ಅದೇ ಕೀಲಿ. ಆದರೆ ಮೈನಸ್ 30 ಡಿಗ್ರಿ ದಾಟಿತು ಅಂದರೆ ಕಥೆಯೇ ಬೇರೆ. ಇಷ್ಟು ಚಳಿಗಾಲ ಇದನ್ನು ಓಡಿಸಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಾ ಇಲ್ವಾ ಅನ್ನೋದು ಹಿಂದಿನ ಸಂಜೆಯೇ ತೀರ್ಮಾನ ಆಗಿಬಿಟ್ಟಿರುತ್ತದೆ. ಬೆಳಿಗ್ಗೆ ಎದ್ದು ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗೊತ್ತಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕೆಂಡದಷ್ಟು ಬಿಸಿಯಾಗುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಈಗ ಯೋಚನೆ ಮಾಡಿ, ಒಳಗೆ ಬರುವ ಗಾಳಿಯೂ ಮೈನಸ್ 35, ಸುತ್ತ ಇರುವ ಕಬ್ಬಿಣವೂ ಮೈನಸ್ 35. ಒತ್ತಿ ಬಂದ ಬಿಸಿಯನ್ನೆಲ್ಲ ಆ ಕಬ್ಬಿಣ ಕುಡಿದುಬಿಡುತ್ತದೆ. ಇಂಜಿನ್ ನಿಧಾನವಾಗಿ ತಿರುಗಿದಷ್ಟೂ ಕುಡಿಯುವುದಕ್ಕೆ ಜಾಸ್ತಿ ಹೊತ್ತು ಸಿಗುತ್ತದೆ, ಸವೆದ ಪಿಸ್ಟನ್ ರಿಂಗಿನ ಪಕ್ಕದಿಂದ ಗಾಳಿಯೂ ಸೋರಿ ಹೋಗುತ್ತದೆ. ಅದಕ್ಕೇ ಹಳೇ ಡೀಸೆಲ್ಲಿಗೆ ಚಳಿಯಲ್ಲಿ ಸ್ಟಾರ್ಟರ್ ಎಷ್ಟು ಜೋರಾಗಿ ತಿರುಗಿಸುತ್ತದೆ ಅನ್ನೋದೇ ಮುಖ್ಯ. ಸೈಲೆನ್ಸರಿನಿಂದ ಬೆಳ್ಳಗೆ ಹೊಗೆ ಬರುತ್ತಿದೆ, ಆದರೆ ಇಂಜಿನ್ ಹಿಡಿಯುತ್ತಿಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ.

ಎರಡು ಚಳಿಗಾಲದ ಹಿಂದೆ ನನ್ನ ಗಾಡಿ ಇದನ್ನೇ ಮಾಡುತ್ತಿತ್ತು. ಸ್ಟಾರ್ಟರ್ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು. ಊಂ... ಊಂ... ಊಂ ಅಂತ ಎಳೆದೆಳೆದು ತಿರುಗುವುದು, ನಡುವೆ ನಿಂತೇ ಹೋಯಿತೇನೋ ಅನ್ನಿಸುವುದು. ಬ್ಯಾಟರಿ ಹೋಗಿದೆ ಅಂತ ಎಲ್ಲರೂ ಹೇಳಿದರು, ನನಗೂ ಹಾಗೇ ಅನ್ನಿಸಿತು. ಹೊಸ ಬ್ಯಾಟರಿ ಎರಡು ಹಾಕಿಸಿದೆ. ಮೊದಲ ವಾರ ಚೆನ್ನಾಗಿತ್ತು, ಯಾಕೆಂದರೆ ಆ ವಾರ ಚಳಿ ಕಡಿಮೆ ಇತ್ತು. ಮತ್ತೆ ಮೈನಸ್ 30 ಬಂದ ಬೆಳಿಗ್ಗೆ ಮತ್ತದೇ ಊಂ... ಊಂ.

ಅವತ್ತು ಮಲ್ಟಿಮೀಟರ್ ಹಿಡಿದು ಕೂತೆ. ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಬೇಕಿತ್ತು, ಹಳೇ ಗಾಡಿ ಇರುವ ಎಲ್ಲರೂ ಒಮ್ಮೆ ಮಾಡಲೇಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಶುಭ್ರವಾದ ಕಬ್ಬಿಣಕ್ಕೆ. ಆಮೇಲೆ ಇನ್ನೊಬ್ಬರಿಗೆ ಸ್ಟಾರ್ಟರ್ ಹೊಡೆಯಲು ಹೇಳಬೇಕು. ಕೇಬಲ್ ಚೆನ್ನಾಗಿದ್ದರೆ ಮೀಟರಿನಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಕಾಣಬೇಕು. ನನಗೆ ಕಂಡದ್ದು 1.4. ಅಂದರೆ ಹನ್ನೆರಡು ವೋಲ್ಟಿನಲ್ಲಿ ಒಂದೂವರೆ ವೋಲ್ಟಿನಷ್ಟು ಆ ಅರ್ತ್ ಕೇಬಲ್ಲೇ ತಿಂದುಹಾಕುತ್ತಿತ್ತು. ಹೊರಗಿನಿಂದ ನೋಡಿದರೆ ಕೇಬಲ್ ಕಪ್ಪಗೆ, ದಪ್ಪಗೆ, ಗಟ್ಟಿಮುಟ್ಟಾಗಿತ್ತು. ತುದಿಯ ಹತ್ತಿರ ಚಾಕುವಿನಿಂದ ಸೀಳಿ ನೋಡಿದೆ. ಒಳಗೆ ತಾಮ್ರದ ಎಳೆಗಳ ಬಣ್ಣವೇ ಇರಲಿಲ್ಲ, ಹಸಿರು ಪುಡಿ. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಮೂವತ್ತು ವರ್ಷದ ಉಪ್ಪುನೀರು, ತೇವ ಎಲ್ಲ ಒಳಗೇ ಸೇರಿಕೊಂಡು ತಿಂದಿತ್ತು.

ಎರಡೂ ಕಡೆಯ ಕೇಬಲ್ ಬದಲಾಯಿಸಿದೆ, ಬ್ಲಾಕಿಗೆ ಕೂರುವ ಜಾಗವನ್ನು ಹೊಳೆಯುವ ತನಕ ಉಜ್ಜಿದೆ. ಮರುದಿನ ಅದೇ ಚಳಿಯಲ್ಲಿ ಸ್ಟಾರ್ಟರ್ ತಿರುಗಿದ ರೀತಿ ನೋಡಿ ಕಣ್ಣು ತುಂಬಿ ಬಂತು, ಸುಳ್ಳಲ್ಲ.

ಬ್ಯಾಟರಿಯದು ತಪ್ಪೇ ಇಲ್ಲ ಅಂತ ಹೇಳುತ್ತಿಲ್ಲ. ಮೈನಸ್ 18ರಲ್ಲಿ ಲೆಡ್ ಆಸಿಡ್ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಆಯಿಲಿನಿಂದಾಗಿ ಇಂಜಿನ್ ತಿರುಗಿಸಲು ಬೇಕಾದ ಶಕ್ತಿ ದುಪ್ಪಟ್ಟಾಗಿರುತ್ತದೆ. ಬ್ಯಾಟರಿ ಮೇಲೆ ಬರೆದಿರುವ ಸಿಸಿಎ ಅನ್ನುವ ಅಂಕಿ ಇದೇ ಲೆಕ್ಕದ್ದು. ಮೈನಸ್ 18ರಲ್ಲಿ 30 ಸೆಕೆಂಡು, 7.2 ವೋಲ್ಟಿಗಿಂತ ಕೆಳಗೆ ಇಳಿಯದೆ ಎಷ್ಟು ಆಂಪಿಯರ್ ಕೊಡಬಲ್ಲದು ಅಂತ. ಬ್ಯಾಟರಿ ಕೊಳ್ಳುವಾಗ ನಾನು ನೋಡುವುದು ಆ ಅಂಕಿಯನ್ನು, ಆಮೇಲೆ ತಯಾರಾದ ತಿಂಗಳನ್ನು. ಎರಡು ಬ್ಯಾಟರಿ ಜೊತೆಯಾಗಿ ಇರುವ ಗಾಡಿಯಲ್ಲಿ ಒಂದನ್ನು ಮಾತ್ರ ಬದಲಾಯಿಸಬೇಡಿ. ಹಳೆಯದು ಹೊಸದನ್ನೂ ಕೆಳಗೆ ಎಳೆಯುತ್ತದೆ.

ಇನ್ನೊಂದು ಮಾತು, ಇದು ಸುರಕ್ಷತೆಯ ವಿಷಯ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದ ಬ್ಯಾಟರಿಯೊಳಗೆ ಮಾತ್ರ ನೀರಿನ ಅಂಶವೇ ಜಾಸ್ತಿ, ಅದು ಮೈನಸ್ 10ರ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಬಹುದು. ಪಕ್ಕ ಉಬ್ಬಿದ ಬ್ಯಾಟರಿಗೆ ಇನ್ನೊಂದು ಗಾಡಿಯಿಂದ ತಂತಿ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ. ಅದು ಸಿಡಿಯಬಹುದು. ಬೆಚ್ಚಗಿನ ಜಾಗಕ್ಕೆ ಒಯ್ದು ಪೂರ್ತಿ ಕರಗಲು ಬಿಟ್ಟು, ಸೋರುತ್ತಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಅದನ್ನು ಮರೆತುಬಿಡಿ.

ಆಯಿಲ್ ವಿಷಯಕ್ಕೆ ಬರೋಣ. ಹಳೇ ಡೀಸೆಲ್ಲಿಗೆ 15ಡಬ್ಲ್ಯೂ-40 ಅನ್ನೋದು ಮಾಮೂಲಿ. ಆ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಡಬ್ಲ್ಯೂಗೆ ಮೊದಲಿರುವ ಅಂಕಿ ಕಡಿಮೆ ಆದಷ್ಟೂ ಚಳಿಯಲ್ಲಿ ಆಯಿಲ್ ತೆಳ್ಳಗಿರುತ್ತದೆ. ಎಸ್‌ಎಇ ಅನ್ನುವ ವಾಹನ ಇಂಜಿನಿಯರುಗಳ ಸಂಘದ ಪ್ರಮಾಣದಲ್ಲಿ 15ಡಬ್ಲ್ಯೂ ಆಯಿಲನ್ನು ಇಂಜಿನ್ ತಿರುಗಿಸುವ ಪರೀಕ್ಷೆಗೆ ಒಡ್ಡುವುದು ಮೈನಸ್ 20ರಲ್ಲಿ, 10ಡಬ್ಲ್ಯೂ ಮೈನಸ್ 25ರಲ್ಲಿ, 5ಡಬ್ಲ್ಯೂ ಮೈನಸ್ 30ರಲ್ಲಿ, 0ಡಬ್ಲ್ಯೂ ಮೈನಸ್ 35ರಲ್ಲಿ. ಹಾಗಿದ್ದ ಮೇಲೆ ಮೈನಸ್ 35ರಲ್ಲಿ 15ಡಬ್ಲ್ಯೂ ಹಾಕಿ ಗಾಡಿಯನ್ನು ಬೈದರೆ ಏನು ಬಂತು? ಒಂದು ಸಲ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಅದರ ತುದಿಯಿಂದ ತೊಟ್ಟಿಕ್ಕಲೇ ಇಲ್ಲ. ಡಾಂಬರಿನ ಹಾಗೆ ಅಂಟಿಕೊಂಡು ನಿಂತಿತ್ತು. ಬೇರಿಂಗುಗಳಿಗೆ ಅದು ತಲುಪುವ ತನಕ ಕಬ್ಬಿಣ ಕಬ್ಬಿಣವನ್ನೇ ಉಜ್ಜುತ್ತಿರುತ್ತದೆ ಅಂತ ಆಗ ಅರ್ಥವಾಯಿತು. ಆವತ್ತಿನಿಂದ ಚಳಿ ಶುರುವಾಗುವ ಮೊದಲೇ 5ಡಬ್ಲ್ಯೂ-40 ಸಿಂಥೆಟಿಕ್ ಹಾಕುತ್ತೇನೆ. ಹಳೇ ಇಂಜಿನ್, ಸಿಂಥೆಟಿಕ್ ಹಾಕಿದರೆ ಎಲ್ಲ ಕಡೆ ಸೋರುತ್ತದೆ ಅಂತ ಹೆದರಿಸುವವರು ಇದ್ದಾರೆ. ನನ್ನದರಲ್ಲಿ ಮೊದಲು ಎಲ್ಲಿ ಒಸರುತ್ತಿತ್ತೋ ಅಲ್ಲೇ ಒಸರುತ್ತಿದೆ, ಹೊಸ ಜಾಗದಲ್ಲಿ ಇಲ್ಲ.

ಗೇರ್ ಬಾಕ್ಸನ್ನು ಎಲ್ಲರೂ ಮರೆಯುತ್ತಾರೆ. 80ಡಬ್ಲ್ಯೂ-90 ಗೇರ್ ಆಯಿಲ್ ಮೈನಸ್ 26ರ ತನಕ ಪರವಾಗಿಲ್ಲ ಅನ್ನುವ ಲೆಕ್ಕದ್ದು, 75ಡಬ್ಲ್ಯೂ-90 ಮೈನಸ್ 40ರ ತನಕ. ಗಾಡಿಯ ಪುಸ್ತಕ ಒಪ್ಪಿದರೆ ಎರಡನೆಯದಕ್ಕೆ ಬದಲಾಯಿಸಿ. ಮತ್ತೆ, ಸ್ಟಾರ್ಟ್ ಮಾಡುವಾಗ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಪಾಪ ಸ್ಟಾರ್ಟರ್ ಇಂಜಿನ್ ಜೊತೆಗೆ ಆ ಗಟ್ಟಿ ಗೇರ್ ಆಯಿಲನ್ನೂ ಕಲಕಬೇಕು. ಇಂಜಿನ್ ಹಿಡಿದ ಮೇಲೆ ನ್ಯೂಟ್ರಲಿನಲ್ಲಿ ಕ್ಲಚ್ಚನ್ನು ನಿಧಾನವಾಗಿ, ತುಂಬಾ ನಿಧಾನವಾಗಿ ಬಿಡಬೇಕು. ಒಮ್ಮೆಲೇ ಬಿಟ್ಟರೆ ಇಂಜಿನ್ ಆಫ್ ಆಗಿಹೋಗುತ್ತದೆ, ನನಗೆ ಆಗಿದೆ.

ಇಷ್ಟೆಲ್ಲ ಇದ್ದರೂ ಬ್ಲಾಕ್ ಹೀಟರ್ ಇಲ್ಲದೆ ನಾನು ಮೈನಸ್ 30ರಲ್ಲಿ ಈ ಗಾಡಿಯನ್ನು ಮುಟ್ಟುವುದಿಲ್ಲ. ಇದು ಇಂಜಿನ್ನಿನ ಕೂಲೆಂಟನ್ನು, ಅಂದರೆ ಇಂಜಿನ್ ತಣಿಸುವ ದ್ರವವನ್ನು, ಕರೆಂಟಿನಿಂದ ಬಿಸಿ ಮಾಡುವ ಸಣ್ಣ ಕಾಯಿಲ್, ಅಷ್ಟೇ. ಅಮೆರಿಕದ ನಾರ್ತ್ ಡಕೋಟಾದಲ್ಲಿ ವಿದ್ಯುತ್ ಸಹಕಾರ ಸಂಘ ನಡೆಸುತ್ತಿದ್ದ ಆ್ಯಂಡ್ರೂ ಫ್ರೀಮನ್ ಅನ್ನುವವರು ಇಂಥ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಮನೆಮನೆಗೆ ಕರೆಂಟ್ ತಲುಪಿಸುವ ಕೆಲಸದಲ್ಲಿದ್ದವರಿಗೇ ಈ ಐಡಿಯಾ ಹೊಳೆದದ್ದು ನನಗೆ ತುಂಬಾ ಇಷ್ಟದ ವಿಷಯ. ಆ ಮನುಷ್ಯನನ್ನು ಎಷ್ಟೋ ಬೆಳಿಗ್ಗೆ ಮನಸ್ಸಿನಲ್ಲೇ ನೆನೆದಿದ್ದೇನೆ.

ಹೀಟರ್ ರಾತ್ರಿಯಿಡೀ ಉರಿಯಬೇಕಾಗಿಲ್ಲ. ಹೊರಡುವ ನಾಲ್ಕು ಗಂಟೆ ಮೊದಲು ಶುರುವಾಗುವ ಹಾಗೆ ಟೈಮರ್ ಇಟ್ಟರೆ ಸಾಕು. ಕೆಲಸ ಮಾಡುತ್ತಿದೆಯಾ ಅಂತ ನೋಡುವುದು ಸುಲಭ. ಪ್ಲಗ್ ಚುಚ್ಚಿ ಇಂಜಿನ್ ಹತ್ತಿರ ಕಿವಿ ಇಟ್ಟರೆ ಸ್ವಲ್ಪ ಹೊತ್ತಿಗೆ ಪಾತ್ರೆಯಲ್ಲಿ ನೀರು ಕಾಯುವಾಗಿನ ಸುಯ್ ಅನ್ನುವ ಸದ್ದು ಕೇಳುತ್ತದೆ. ಅನುಮಾನ ಇದ್ದರೆ ಪ್ಲಗ್ ಕಿತ್ತು ಓಮ್ ಅಳೆಯಿರಿ. 230 ವೋಲ್ಟಿನ 1000 ವ್ಯಾಟ್ ಹೀಟರ್ ಸುಮಾರು 53 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ತಂತಿ ತುಂಡಾಗಿದೆ. ಬೆಳಿಗ್ಗೆ ಐದಕ್ಕೆ ಇದನ್ನು ಕಂಡುಹಿಡಿಯುವ ಬದಲು ಸಂಜೆ ಐದಕ್ಕೆ ಕಂಡುಹಿಡಿಯುವುದು ಒಳ್ಳೆಯದು, ಅಲ್ವಾ? ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಬಳಸಬೇಡಿ, ಅದು ಕಾಯುತ್ತದೆ, ಬೆಂಕಿ ಹತ್ತಿದ್ದೂ ಉಂಟು. ಪ್ಲಗ್ ಚುಚ್ಚಿದ ತಕ್ಷಣ ನಾನು ಒಂದು ಕೆಂಪು ಬಟ್ಟೆಯನ್ನು ಸ್ಟೀರಿಂಗಿಗೆ ಕಟ್ಟುತ್ತೇನೆ, ವೈರ್ ಕೀಳದೆ ಗಾಡಿ ಮುಂದಕ್ಕೆ ಬಿಡಬಾರದು ಅಂತ.

ಈಗ ಡೀಸೆಲ್. ಇದರಲ್ಲಿ ಮೇಣದ ಅಂಶ ಇರುತ್ತದೆ. ಚಳಿ ಹೆಚ್ಚಾದಂತೆ ಆ ಮೇಣ ಸಣ್ಣ ಹರಳಾಗಿ ಬೇರೆಯಾಗುತ್ತದೆ, ಡೀಸೆಲ್ ಮಬ್ಬಾಗುತ್ತದೆ. ಬೇಸಿಗೆಯ ಡೀಸೆಲ್ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೋಗುವಷ್ಟರಲ್ಲೇ ಹೀಗಾಗಬಹುದು. ಚಳಿಗಾಲಕ್ಕೆ ಅಂತಲೇ ತಯಾರಿಸಿದ ಡೀಸೆಲ್ ಬೇರೆ ಇರುತ್ತದೆ. ನನ್ನ ತಪ್ಪು ಏನೆಂದರೆ, ಒಂದು ವರ್ಷ ಶರತ್ಕಾಲದಲ್ಲಿ ತುಂಬಿಸಿದ ಟ್ಯಾಂಕ್ ಅರ್ಧ ಹಾಗೇ ಉಳಿದಿತ್ತು, ಅದರ ಮೇಲೆ ಚಳಿ ಬಂತು. ಬೆಳಿಗ್ಗೆ ಸ್ಟಾರ್ಟ್ ಆಯಿತು, ಒಂದೆರಡು ಕಿಲೋಮೀಟರ್ ಹೋಯಿತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆತ ಇಲ್ಲ, ಉಸಿರು ಕಟ್ಟಿದವರ ಹಾಗೆ ತಡವರಿಸಿ ತಡವರಿಸಿ ನಿಂತಿತು. ಫಿಲ್ಟರ್ ಬಿಚ್ಚಿದೆ. ಕರಗಿ ಆರಿದ ಮೇಣದಬತ್ತಿಯನ್ನು ಬೆರಳಲ್ಲಿ ಒತ್ತಿದರೆ ಹೇಗಿರುತ್ತದೋ ಹಾಗೆ, ಕಾಗದದ ಮಡಿಕೆ ಮಡಿಕೆಗೂ ಹಳದಿ ಮೇಣ ತುಂಬಿತ್ತು. ಟ್ಯಾಂಕಿನಲ್ಲಿ ಡೀಸೆಲ್ ಬೇಕಾದಷ್ಟು ಇತ್ತು, ಇಂಜಿನ್ನಿಗೆ ಒಂದು ಹನಿ ಹೋಗುತ್ತಿರಲಿಲ್ಲ. ಆ ರಸ್ತೆ ಬದಿಯಲ್ಲಿ ನಾಲ್ಕು ಗಂಟೆ ಕಳೆದೆ. ಕೈಗವಸು ತೆಗೆದು ಫಿಲ್ಟರ್ ತಿರುಗಿಸಿದ ಬೆರಳುಗಳಲ್ಲಿ ಸ್ಪರ್ಶ ಮರಳಿ ಬರಲು ಎರಡು ದಿನ ಹಿಡಿಯಿತು.

ಮೇಣ ಕಟ್ಟದ ಹಾಗೆ ತಡೆಯುವ ಔಷಧ ಸಿಗುತ್ತದೆ. ಅದನ್ನು ಡೀಸೆಲ್ ಮಬ್ಬಾಗುವ ಮೊದಲೇ, ಟ್ಯಾಂಕ್ ತುಂಬಿಸುವ ಹೊತ್ತಿಗೇ ಹಾಕಬೇಕು, ಹಾಗಾದರೆ ಚೆನ್ನಾಗಿ ಬೆರೆಯುತ್ತದೆ. ಮೇಣ ಕಟ್ಟಿದ ಮೇಲೆ ಸುರಿದರೆ ಪ್ರಯೋಜನವಿಲ್ಲ, ಆಗ ಹೊಸ ಫಿಲ್ಟರ್ ಮತ್ತು ಬಿಸಿ ಎರಡೂ ಬೇಕು. ಅದಕ್ಕೇ ಸೀಟಿನ ಹಿಂದೆ ಸದಾ ಎರಡು ಫಿಲ್ಟರ್, ಅದನ್ನು ಬಿಚ್ಚುವ ಪಟ್ಟಿ. ಸೀಮೆಎಣ್ಣೆ ಬೆರೆಸುವವರೂ ಇದ್ದಾರೆ. ಅದರಿಂದ ಮೇಣ ಕಟ್ಟುವುದು ತಡವಾಗುತ್ತದೆ ನಿಜ, ಆದರೆ ಸೀಮೆಎಣ್ಣೆಗೆ ಜಿಡ್ಡು ಕಡಿಮೆ, ಹಳೇ ಪಂಪಿನೊಳಗಿನ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ನಾನು ಆ ದಾರಿಗೆ ಹೋಗುವುದಿಲ್ಲ. ಬದಲಿಗೆ ಸಂಜೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳಗೆ ನೀರು ಹನಿಗಟ್ಟುವುದು ಕಡಿಮೆ. ನೀರು ಬೇರ್ಪಡಿಸುವ ಬಟ್ಟಲನ್ನೂ ಸಂಜೆಯೇ ಖಾಲಿ ಮಾಡುತ್ತೇನೆ, ಬೆಳಿಗ್ಗೆ ನೋಡಿದರೆ ಅದರೊಳಗೆ ನೀರಲ್ಲ, ಕಲ್ಲು.

ಕೂಲೆಂಟ್ ಬಗ್ಗೆ ಒಂದೇ ಮಾತು, ಆದರೆ ತುಂಬಾ ಜನ ತಪ್ಪು ತಿಳಿದಿರುವ ಮಾತು. ಕೂಲೆಂಟ್ ಹೆಪ್ಪುಗಟ್ಟದಂತೆ ತಡೆಯುವುದು ಗ್ಲೈಕಾಲ್, ಹಾಗಾಗಿ ನೀರು ಬೆರೆಸದೆ ಬರೀ ಅದನ್ನೇ ಹಾಕಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಇಲ್ಲ. ಬರೀ ಎಥಿಲೀನ್ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಸುಮಾರು ಮೈನಸ್ 37ರ ತನಕ ತಡೆಯುತ್ತದೆ. ನೂರಕ್ಕೆ 60 ಭಾಗ ಗ್ಲೈಕಾಲ್ ಇದ್ದರೆ ಮೈನಸ್ 50ರ ತನಕ. ಅದಕ್ಕಿಂತ ಜಾಸ್ತಿ ಬೇಡ. ಬರೀ ನೀರು ತುಂಬಿದ ಇಂಜಿನ್ ಚಳಿಗೆ ಸಿಕ್ಕರೆ, ನೀರು ಮಂಜಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದಲ್ಲ, ಬ್ಲಾಕೇ ಸೀಳಿಹೋಗಬಹುದು.

ಚಳಿಯಲ್ಲಿ ಮಾತ್ರ ಸೋರುವ ಹೋಸುಗಳೂ ಇರುತ್ತವೆ. ಇಂಜಿನ್ ಬಿಸಿಯಾದ ಮೇಲೆ ನೋಡಿದರೆ ಎಲ್ಲ ಒಣಗಿರುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಕ್ಲಾಂಪಿನ ಕೆಳಗೆ ಹಸಿರು ಹನಿ. ಹಳೇ ರಬ್ಬರ್ ಸೆಟೆದುಕೊಂಡು, ಕಬ್ಬಿಣ ಕುಗ್ಗಿ, ನಡುವೆ ಸಂದು ಬಿಟ್ಟಿರುತ್ತದೆ. ಸಂಜೆ ಇಂಜಿನ್ ಆರಿದ ಮೇಲೆ ಕ್ಲಾಂಪುಗಳನ್ನು ಅರ್ಧ ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಏರ್ ಬ್ರೇಕ್ ಇರುವವರು ಇದನ್ನು ದಯವಿಟ್ಟು ಗಮನಿಸಿ. ಕಂಪ್ರೆಸರ್ ಒತ್ತಿದ ಗಾಳಿಯ ಜೊತೆ ತೇವವೂ ಟ್ಯಾಂಕಿಗೆ ಸೇರುತ್ತದೆ. ಆ ನೀರು ಪೈಪಿನಲ್ಲೋ ವಾಲ್ವಿನಲ್ಲೋ ಹೆಪ್ಪುಗಟ್ಟಿದರೆ ಬ್ರೇಕ್ ಬಿಡುವುದಿಲ್ಲ, ಇಲ್ಲವೇ, ಇದು ಭಯಂಕರ, ಬ್ರೇಕ್ ಹಿಡಿಯುವುದಿಲ್ಲ. ಪ್ರತಿದಿನ ಸಂಜೆ ಗಾಡಿ ಇನ್ನೂ ಬೆಚ್ಚಗಿರುವಾಗಲೇ ಎಲ್ಲ ಟ್ಯಾಂಕುಗಳ ಕೆಳಗಿನ ವಾಲ್ವ್ ತೆರೆದು, ಬುಸ್ ಅನ್ನುವ ಗಾಳಿಯಲ್ಲಿ ಒದ್ದೆ ಕಾಣದಾಗುವ ತನಕ ಬಿಡಬೇಕು. ಮರುದಿನಕ್ಕೆ ಮುಂದೂಡುವಂಥದ್ದಲ್ಲ. ಏರ್ ಡ್ರೈಯರಿನ ಕಾರ್ಟ್ರಿಜ್ ಚಳಿಗಾಲಕ್ಕೆ ಮೊದಲು ಬದಲಾಯಿಸಿ.

ಒದ್ದೆ ರಸ್ತೆಯಲ್ಲಿ ಬಂದು ಹಾಗೇ ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡು ಕೂರುತ್ತದೆ. ಬೆಳಿಗ್ಗೆ ಗಾಡಿ ಹೊರಡುತ್ತದೆ, ಹಿಂದಿನ ಒಂದು ಚಕ್ರ ತಿರುಗದೆ ಹಿಮದ ಮೇಲೆ ಜಾರಿಕೊಂಡೇ ಬರುತ್ತದೆ, ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ನಿಲ್ಲಿಸುವ ಮೊದಲಿನ ಒಂದಿಷ್ಟು ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಬರುತ್ತೇನೆ, ಶೂ ಒಣಗಲಿ ಅಂತ. ಆದರೂ ಅಂಟಿದರೆ ಚಕ್ರಗಳಿಗೆ ಗಟ್ಟಿಯಾಗಿ ಕಟ್ಟೆ ಕೊಟ್ಟು, ಬ್ರೇಕ್ ಬಿಡಿಸಿ, ಡ್ರಮ್ಮಿಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಟಪ್ ಅಂತ ಬಿಡುತ್ತದೆ. ಟೈರ್ ಗಾಳಿಯನ್ನೂ ಅಲ್ಲೇ ನೋಡಿಬಿಡಿ. 20 ಡಿಗ್ರಿಯಲ್ಲಿ 100 ಪಿಎಸ್‌ಐ ತುಂಬಿಸಿದ ಟೈರ್ ಮೈನಸ್ 30ಕ್ಕೆ ಬರುವಾಗ 80ರ ಹತ್ತಿರ ಇಳಿದಿರುತ್ತದೆ, ಎಲ್ಲೂ ಪಂಕ್ಚರ್ ಇಲ್ಲದೆಯೇ.

ಇನ್ನು ಬೆಳಿಗ್ಗೆ. ನನ್ನ ಇಂಜಿನ್ನಿಗೆ ಒಳಬರುವ ಗಾಳಿಯನ್ನು ಬಿಸಿ ಮಾಡುವ ಹೀಟರ್ ಇದೆ. ಕೀಲಿ ತಿರುಗಿಸಿ ಅದರ ದೀಪ ಆರುವ ತನಕ ಕಾಯುತ್ತೇನೆ. ಕ್ಲಚ್ ಒತ್ತಿ ಸ್ಟಾರ್ಟರ್, ಹೆಚ್ಚೆಂದರೆ 15 ಸೆಕೆಂಡು. ಹಿಡಿಯದಿದ್ದರೆ ಎರಡು ನಿಮಿಷ ಬಿಡುವು, ಸ್ಟಾರ್ಟರ್ ತಣಿಯಬೇಕು, ಬ್ಯಾಟರಿ ಸುಧಾರಿಸಿಕೊಳ್ಳಬೇಕು. ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇಯನ್ನು ಗಾಳಿ ಹೋಗುವ ಕಡೆ ಹೊಡೆಯುವ ಆಸೆ ಆಗುತ್ತದೆ, ಗೊತ್ತು. ಇಂಥ ಗಾಳಿ ಹೀಟರ್ ಅಥವಾ ಗ್ಲೋ ಪ್ಲಗ್ (ಸಿಲಿಂಡರಿನೊಳಗೆ ಕಾಯುವ ಕಡ್ಡಿ) ಇರುವ ಇಂಜಿನ್ನಿಗೆ ಅದನ್ನು ಖಂಡಿತ ಹೊಡೆಯಬೇಡಿ. ಕೆಂಪಗೆ ಕಾದ ಹೀಟರಿಗೆ ಈಥರ್ ತಾಗಿದರೆ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲೇ ಸ್ಫೋಟ ಆಗುತ್ತದೆ. ಹಿಡಿದ ಮೇಲೆ ಕಣ್ಣು ಆಯಿಲ್ ಪ್ರೆಶರ್ ಮುಳ್ಳಿನ ಮೇಲೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ಮೇಲೇಳದಿದ್ದರೆ ತಕ್ಷಣ ಆಫ್.

ಗಂಟೆಗಟ್ಟಲೆ ಸುಮ್ನೆ ನಿಲ್ಲಿಸಿ ಓಡಿಸಿದರೆ ಡೀಸೆಲ್ ಇಂಜಿನ್ ಬಿಸಿಯಾಗುವುದಿಲ್ಲ, ತಣ್ಣಗಿನ ಸಿಲಿಂಡರಿನಲ್ಲಿ ಅರೆಬರೆ ಉರಿದ ಡೀಸೆಲ್ ಆಯಿಲಿಗೆ ಸೇರುತ್ತದೆ ಅಷ್ಟೇ. ಐದು ಹತ್ತು ನಿಮಿಷ, ಆರ್‌ಪಿಎಂ ಸ್ವಲ್ಪ ಏರಿಸಿ 1000ದ ಮೇಲೆ ಇಟ್ಟು, ಆಮೇಲೆ ಮೆಲ್ಲಗೆ ಹೊರಡುವುದೇ ಸರಿ. ಸೈಲೆನ್ಸರಿನ ಬಾಯಿಗೆ ಹಿಮ ಮುಚ್ಚಿಲ್ಲ ಅಂತ ಒಮ್ಮೆ ಇಳಿದು ನೋಡಿ. ಮುಚ್ಚಿದ್ದರೆ ಹೊಗೆ ಕ್ಯಾಬಿನ್ನಿಗೆ ಬರಬಹುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಒಳಗೆ ಮಲಗಿದವರು ಏಳುವುದಿಲ್ಲ.

ಅರ್ಧ ಗಂಟೆ ಓಡಿಸಿದರೂ ಕ್ಯಾಬಿನ್ ಬೆಚ್ಚಗಾಗದಿದ್ದರೆ ಥರ್ಮೋಸ್ಟಾಟ್ ನೋಡಿ, ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿದರೆ ಗೊತ್ತಾಗುತ್ತದೆ. ಅದು ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಶುರುವಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾದರೆ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ. ಅದು ಸರಿ ಇದ್ದೂ ಬಿಸಿ ಸಾಲದಿದ್ದರೆ ರೇಡಿಯೇಟರ್ ಮುಂದೆ ರಟ್ಟು. ಪೂರ್ತಿ ಮುಚ್ಚಬಾರದು, ನಡುವೆ ಒಂದು ತಟ್ಟೆಯಷ್ಟು ಜಾಗ ಬಿಟ್ಟು, ಬಿಸಿಯ ಮುಳ್ಳನ್ನು ನೋಡುತ್ತಿರಬೇಕು.

ಇವತ್ತು ರಾತ್ರಿ ಮೈನಸ್ 38 ಅಂತ ಹೇಳಿದ್ದಾರೆ. ಇನ್ನೆರಡು ಡಿಗ್ರಿ ಇಳಿದರೆ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿಗೆ ಬಂದು ಸೇರುತ್ತವೆ, ಮೈನಸ್ 40. ಟ್ಯಾಂಕ್ ತುಂಬಿದೆ, ಔಷಧ ಹಾಕಿದೆ, ಏರ್ ಟ್ಯಾಂಕ್ ಬಿಟ್ಟಾಯಿತು. ಬ್ಯಾಟರಿ ಎರಡೂ 12.6 ವೋಲ್ಟಿನ ಮೇಲೆ ಇವೆ. ಟೈಮರ್ ಒಂದೂವರೆಗೆ ಇಟ್ಟಿದ್ದೇನೆ, ಐದೂವರೆಗೆ ಹೊರಡಬೇಕು. ಕೆಂಪು ಬಟ್ಟೆ ಸ್ಟೀರಿಂಗಿನ ಮೇಲಿದೆ. ಎಡಗಡೆಯ ಕೆಳಗಿನ ಹೋಸಿನ ಕ್ಲಾಂಪ್ ಒಂದು ಮಾತ್ರ ನೋಡಿಲ್ಲ, ಟಾರ್ಚ್ ತೆಗೆದುಕೊಂಡು ಈಗ ಹೋಗುತ್ತೇನೆ.